ಕಿಟಕಿಯ ಪಕ್ಕದ ಮರ: ಮನೆಯೊಳಗೆ ಬೋನ್ಸಾಯ್ ಬೆಳೆಸಲು ಹೊರಟವರಿಗೆ

ಬೆಂಗಳೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ, ಗಿಡ ಬೆಳೆಸುವ ಆಸೆಯುಳ್ಳ ಕೆಲವು ಮಂದಿಯ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ವಿವರಿಸಿ ಬರೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮುಖ್ಯವೆನಿಸಿದ ಮೂರನ್ನು ಉಳಿಸಿಕೊಂಡಿದ್ದೇನೆ.

ಆತ್ಮೀಯರೇ,

ಮೇಜಿನ ಮೇಲೆ ಇಟ್ಟಿರುವ ಈ ಬಸರಿ ಗಿಡವನ್ನು ದಯವಿಟ್ಟು ಮೊದಲು ನೋಡಿ. ಇದರ ಎತ್ತರ ಒಂದು ಮೊಳವೂ ಇಲ್ಲ. ಇದು ಯಾವ ನರ್ಸರಿಯಿಂದಲೂ ಬಂದದ್ದಲ್ಲ. ಹನ್ನೊಂದು ವರ್ಷಗಳ ಹಿಂದೆ ನಮ್ಮ ಹಳೆಯ ಮನೆಯ ತಾರಸಿಯ ಮೋಟುಗೋಡೆಯಲ್ಲಿ, ನೀರಿನ ಕೊಳವೆ ಹೊರಬರುವ ಜಾಗದ ಬಿರುಕಿನಲ್ಲಿ ತಾನಾಗಿ ಹುಟ್ಟಿತ್ತು. ಯಾವುದೋ ಹಕ್ಕಿ ಹಣ್ಣು ತಿಂದು ಅಲ್ಲಿ ಬೀಜ ಬೀಳಿಸಿರಬೇಕು. ಗೋಡೆ ಸರಿಪಡಿಸಲು ಬಂದ ಗಾರೆಯವರು ಅದನ್ನು ಕಿತ್ತೆಸೆಯಲು ಹೊರಟಾಗ, ಸುತ್ತಲಿನ ಗಾರೆಯನ್ನು ಉಳಿಯಿಂದ ನಿಧಾನವಾಗಿ ಒಡೆದು ಬೇರು ಹರಿಯದಂತೆ ಬಿಡಿಸಿಕೊಡಿ ಎಂದು ಕೇಳಿಕೊಂಡೆ. ಅವರು ಅರ್ಧ ಗಂಟೆ ಕೂತು ಬಿಡಿಸಿಕೊಟ್ಟರು. ಹೊರಬಂದ ಬೇರು ದುಂಡಗಿರಲಿಲ್ಲ. ಬಿರುಕಿನ ಅಗಲಕ್ಕೆ ತಕ್ಕಂತೆ ಪಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಇವತ್ತು ಬುಡದಲ್ಲಿ ಹಾವಿನ ಹೆಡೆಯಂತೆ ಅಗಲವಾಗಿ ಹರಡಿ ಕಾಣುತ್ತಿರುವುದು ಅದೇ ಬೇರು.

ಗಿಡವನ್ನು ನೋಡಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಆಲ, ಅರಳಿ, ಬಸರಿ, ಗೋಣಿ, ಅತ್ತಿ ಇವೆಲ್ಲ ಒಂದೇ ಕುಲದ ಮರಗಳು. ಸಸ್ಯಶಾಸ್ತ್ರದಲ್ಲಿ ಆ ಕುಲಕ್ಕೆ ಫೈಕಸ್ ಎಂದು ಹೆಸರು. ಇವುಗಳಲ್ಲಿ ಹಲವು, ಕಾಡಿನಲ್ಲಿ ಬೇರೊಂದು ಮರದ ಕವಲಿನಲ್ಲಿ, ಹಿಡಿ ಮಣ್ಣೂ ಇಲ್ಲದ ಕಡೆ ಮೊಳೆತು ವರ್ಷಗಟ್ಟಲೆ ಹಾಗೆಯೇ ಬದುಕಬಲ್ಲವು. ಹಳೆಯ ದೇವಸ್ಥಾನದ ಗೋಪುರದ ಸಂದಿಯಲ್ಲಿ, ಬಾವಿಯ ಕಟ್ಟೆಯ ಕಲ್ಲುಗಳ ನಡುವೆ ನಾವೆಲ್ಲರೂ ಇವನ್ನು ಕಂಡಿದ್ದೇವೆ. ಬೇರಿಗೆ ಇಕ್ಕಟ್ಟು, ನೀರು ಆಗಾಗ ಮಾತ್ರ, ಮಣ್ಣು ಅತ್ಯಲ್ಪ ಎಂಬ ಸ್ಥಿತಿಯನ್ನು ಸಹಿಸುವ ಶಕ್ತಿ ಇವಕ್ಕೆ ಹುಟ್ಟಿನಿಂದಲೇ ಇದೆ. ಬೋನ್ಸಾಯ್, ಅಂದರೆ ಮರವನ್ನು ಸಣ್ಣ ಕುಂಡದಲ್ಲಿ ಕುಬ್ಜವಾಗಿ ಬೆಳೆಸಿ ರೂಪ ಕೊಡುವ ಕಲೆ, ಕಲಿಯಲು ಹೊರಟವರು ಈ ಕುಲದ ಗಿಡದಿಂದಲೇ ಆರಂಭಿಸಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಆದರೆ ಇನ್ನೊಂದು ಸಂಗತಿಯನ್ನೂ ಗಮನಿಸಿ: ಗೋಪುರದ ಆ ಸಂದಿಯಲ್ಲಿ ಮಣ್ಣಿಲ್ಲ, ನೀರಿಲ್ಲ, ಗೊಬ್ಬರವಿಲ್ಲ, ಬೆಳಕು ಮಾತ್ರ ಧಾರಾಳವಾಗಿದೆ. ಇವತ್ತಿನ ಮಾತೆಲ್ಲ ಈ ಒಂದು ಸಂಗತಿಯ ಸುತ್ತಲೇ ಸುತ್ತುತ್ತದೆ.

ಬೋನ್ಸಾಯ್ ಎಂಬುದು ಜಪಾನೀ ಪದ. ಬೋನ್ ಎಂದರೆ ತಟ್ಟೆಯಂಥ ಕುಂಡ, ಸಾಯ್ ಎಂದರೆ ನೆಡುವುದು. ಕಲೆಯ ಮೂಲ ಚೀನಾದಲ್ಲಿದೆ. ಅಲ್ಲಿ ಕ್ರಿ.ಶ. 706ರಲ್ಲಿ ನಿರ್ಮಾಣವಾದ ಟ್ಯಾಂಗ್ ಮನೆತನದ ರಾಜಕುಮಾರನೊಬ್ಬನ ಸಮಾಧಿಯ ಭಿತ್ತಿಚಿತ್ರದಲ್ಲಿ, ಸಣ್ಣ ಗಿಡ ಮತ್ತು ಕಲ್ಲುಗಳನ್ನು ಜೋಡಿಸಿದ ತಟ್ಟೆಯನ್ನು ಹಿಡಿದು ನಿಂತ ಸೇವಕರನ್ನು ಕಾಣಬಹುದು. ಜಪಾನಿನಲ್ಲಿ ಅದು ಬೇರೆಯದೇ ಸೊಗಸನ್ನು ಪಡೆಯಿತು. 1923ರ ಮಹಾಭೂಕಂಪದ ನಂತರ ಟೋಕಿಯೋ ಬಿಟ್ಟು ಹೊರಟ ಬೋನ್ಸಾಯ್ ಬೆಳೆಗಾರರು 1925ರಲ್ಲಿ ಓಮಿಯಾದಲ್ಲಿ ನೆಲೆಸಿ ಒಂದು ಊರನ್ನೇ ಕಟ್ಟಿದರು. ಆದರೆ ಅಲ್ಲಿಯ ಪ್ರಸಿದ್ಧ ಮರಗಳಾದ ಪೈನ್, ಜುನಿಪರ್, ಮೇಪಲ್‌ಗಳು ಚಳಿಗಾಲವುಳ್ಳ ನಾಡಿನವು. ವರ್ಷದಲ್ಲಿ ಕೆಲವು ತಿಂಗಳು ನಿಜವಾದ ಚಳಿಯಲ್ಲಿ ವಿಶ್ರಾಂತಿ ಪಡೆಯದಿದ್ದರೆ ಅವು ಸೊರಗಿ ಸಾಯುತ್ತವೆ. ಅವನ್ನು ಮನೆಯೊಳಗೆ ಇಟ್ಟು ಬೆಳೆಸಲಾಗುವುದಿಲ್ಲ. ಉಷ್ಣವಲಯದ ಮರಗಳಿಗೆ ಆ ವಿಶ್ರಾಂತಿ ಬೇಕಿಲ್ಲ, ವರ್ಷವಿಡೀ ಒಂದೇ ತೆರನಾದ ಬೆಚ್ಚಗಿನ ವಾತಾವರಣ ಸಾಕು. ಮನೆಯೊಳಗಿನ ಬೋನ್ಸಾಯ್ ಎಂದರೆ ಉಷ್ಣವಲಯದ ಬೋನ್ಸಾಯ್ ಎಂದೇ ಅರ್ಥವಾಗಲು ಕಾರಣ ಇದು. ಇಂಥ ಮರಗಳನ್ನು ಒಂದೇ ಕಡೆ ನೋಡಬೇಕೆನಿಸಿದರೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನಕ್ಕೆ ಹೋಗಿ ಬನ್ನಿ. ಅಲ್ಲಿಯ ಮರಗಳು ನಿಂತಿರುವುದು ಬಯಲಿನಲ್ಲಿ ಎಂಬುದನ್ನೂ ಗಮನಿಸಿ ಬನ್ನಿ.

ಈಗ ನನ್ನ ಮೊದಲ ಗಿಡದ ಕಥೆಯನ್ನು ಹೇಳಬೇಕು. ಬಸರಿಗಿಂತ ಮುಂಚೆ ನಾನು ಒಂದು ಫೈಕಸ್ ಕೊಂಡು ತಂದಿದ್ದೆ. ಮೆರುಗಿನ ಕುಂಡ, ಮೇಲೆ ಬಿಳಿ ಹರಳುಗಳನ್ನು ಅಂಟಿನಿಂದ ಕೂರಿಸಿದ್ದರು. ಮನೆಯೊಳಗಿನ ಗಿಡ, ಬಿಸಿಲು ಬೇಡ, ವಾರಕ್ಕೆರಡು ಸಲ ಒಂದು ಲೋಟ ನೀರು ಹಾಕಿ ಎಂದು ಅಂಗಡಿಯವರು ಹೇಳಿದ್ದರು. ಅದನ್ನು ನಡುಮನೆಯ ಒಳಗೋಡೆಗೆ ಆನಿಸಿದ ಕಪಾಟಿನ ಮೇಲೆ, ಬಂದವರ ಕಣ್ಣಿಗೆ ಬೀಳುವಂತೆ ಇಟ್ಟೆ. ಮೂರು ತಿಂಗಳು ಚೆನ್ನಾಗಿಯೇ ಇತ್ತು. ನಾಲ್ಕನೆಯ ತಿಂಗಳಿನಲ್ಲಿ ಎಲೆಗಳು ಹಸಿರಾಗಿರುವಾಗಲೇ ಉದುರತೊಡಗಿದವು. ಹದಿನೈದು ದಿನಗಳಲ್ಲಿ ಗಿಡ ಬೋಳಾಯಿತು. ನೀರು ಕಡಿಮೆಯಾಯಿತೆಂದು ಭಾವಿಸಿ ಇನ್ನಷ್ಟು ಹಾಕಿದೆ, ಬೇರು ಕೊಳೆಯಿತು.

ಆ ಗಿಡ ನಾಲ್ಕನೆಯ ತಿಂಗಳಿನಲ್ಲಿ ಸತ್ತದ್ದಲ್ಲ, ಮೊದಲ ದಿನದಿಂದಲೇ ಸಾಯುತ್ತ ಬಂದಿತ್ತು. ಮರವು ತನ್ನ ಕಾಂಡದಲ್ಲಿ, ಬೇರಿನಲ್ಲಿ ಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತದೆ. ಬೆಳಕು ಸಾಲದೆ ಎಲೆಗಳು ಅಡುಗೆ ನಿಲ್ಲಿಸಿದರೂ ಆ ಗಂಟಿನಿಂದ ಕೆಲವು ತಿಂಗಳು ಬದುಕು ಸಾಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಹೇಳಿದ್ದು ಗಿಡಕ್ಕೂ ಸಲ್ಲುತ್ತದೆ. ಗಂಟು ಕರಗಿದ ದಿನ ಎಲೆ ಉದುರುತ್ತದೆ, ನಾವು ಅಂದಿನ ತಪ್ಪೇನು ಎಂದು ಹುಡುಕುತ್ತೇವೆ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಕತ್ತಲೆ ಹೆಚ್ಚಿದಂತೆ ಪಾಪೆ ಹಿಗ್ಗಿ ಎಲ್ಲವನ್ನೂ ಸಮವಾಗಿ ತೋರಿಸಿಬಿಡುವುದರಿಂದ ಅಂಗಳಕ್ಕೂ ನಡುಮನೆಗೂ ಇರುವ ವ್ಯತ್ಯಾಸ ನಮಗೆ ಅಲ್ಪವೆನಿಸುತ್ತದೆ. ಅಳತೆ ಬೇರೆಯದನ್ನೇ ಹೇಳುತ್ತದೆ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ಬಯಲಿನಲ್ಲಿ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮೋಡ ಕವಿದ ಹಗಲಿನಲ್ಲೂ ಬಯಲಿನಲ್ಲಿ 10 ಸಾವಿರದ ಆಸುಪಾಸು ಇರುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಅದು ಒಂದೆರಡು ಸಾವಿರಕ್ಕೆ ಇಳಿಯುತ್ತದೆ. ನನ್ನ ಮೊದಲ ಗಿಡ ನಿಂತಿದ್ದ ಕಪಾಟಿನ ಮೇಲೆ, ಗಿಡ ಸತ್ತ ಮೇಲೆ ನಾನು ಅಳೆದಾಗ, ಹಗಲು ಹನ್ನೆರಡು ಗಂಟೆಗೆ 150 ಲಕ್ಸ್ ಇತ್ತು. ಅಲ್ಲಿ ಕೂತು ನಾನು ದಿನಪತ್ರಿಕೆಯನ್ನು ಆರಾಮವಾಗಿ ಓದುತ್ತಿದ್ದೆ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಉಚಿತ ಆಪ್‌ಗಳು ಸಿಗುತ್ತವೆ. ಅವು ಪ್ರಯೋಗಾಲಯದಷ್ಟು ನಿಖರವಲ್ಲ, ಆದರೆ ಈ ಕಿಟಕಿಗೂ ಆ ಕಿಟಕಿಗೂ ಇರುವ ಅಂತರವನ್ನು ತೋರಿಸಲು ಧಾರಾಳವಾಗಿ ಸಾಕು. ಗಿಡ ಕೊಳ್ಳುವ ಮುಂಚೆ ಒಂದು ಭಾನುವಾರ ಮನೆಯ ಪ್ರತಿಯೊಂದು ಕಿಟಕಿಯ ಬಳಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಳೆದು ಬರೆದಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ಹಾಳೆಯನ್ನು ನೋಡಿದ ಮೇಲೆ ಗಿಡ ಕೊಳ್ಳಬೇಕೋ ಬೇಡವೋ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಇಲ್ಲಿ ಪುಸ್ತಕಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಅಮೆರಿಕ, ಯುರೋಪಿನಲ್ಲಿ ಬರೆದ ಪುಸ್ತಕಗಳು ಒಂದೇ ಸ್ವರದಲ್ಲಿ, ಗಿಡವನ್ನು ದಕ್ಷಿಣದ ಕಿಟಕಿಯಲ್ಲಿಡಿ ಎನ್ನುತ್ತವೆ. ಅವರಿಗೆ ಅದು ಸರಿ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದ ಕಡೆಗೇ ಇರುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಕೋಲು ನೆಟ್ಟು ನೋಡುವುದು ಇದನ್ನೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆಗಿರುತ್ತಾನೆ. ಅಂದರೆ ಪುಸ್ತಕ ಹೊಗಳಿದ ದಕ್ಷಿಣದ ಕಿಟಕಿಗೆ ಆ ದಿನಗಳಲ್ಲಿ ನೇರ ಬಿಸಿಲು ಬಹುಮಟ್ಟಿಗೆ ಇಲ್ಲ. ಮೇಲೆ ಸಜ್ಜಾ ಇದ್ದರೆ ಅದರ ಹಿಂದುಮುಂದಿನ ತಿಂಗಳುಗಳಲ್ಲೂ ಇಲ್ಲ. ಡಿಸೆಂಬರಿನಲ್ಲಿ ಅದೇ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ನೆಲದ ಮೇಲೆ ಮಾರುದ್ದ ಚೆಲ್ಲುತ್ತದೆ. ಕರ್ನಾಟಕದಲ್ಲಿ ಉತ್ತರಕ್ಕೆ ಹೋದಂತೆ ಈ ಎರಡು ದಿನಾಂಕಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಅಷ್ಟೆ. ಹಾಗಾಗಿ ನಮ್ಮ ನಾಡಿನವರಿಗೆ ನನ್ನ ಮೊದಲ ಆಯ್ಕೆ ಪೂರ್ವದ ಕಿಟಕಿ. ಬೆಳಗಿನ ಎರಡು ಮೂರು ಗಂಟೆಗಳ ಬಿಸಿಲು ವರ್ಷವಿಡೀ ಖಚಿತವಾಗಿ ಸಿಗುತ್ತದೆ, ಎಲೆ ಸುಡುವುದಿಲ್ಲ. ಪಶ್ಚಿಮದ ಕಿಟಕಿಯೂ ಆಗುತ್ತದೆ, ಮಾರ್ಚ್ ಏಪ್ರಿಲ್‌ಗಳಲ್ಲಿ ತೆಳುವಾದ ಪರದೆ ಬೇಕಾಗಬಹುದು. ಗಿಡ ಗಾಜಿನಿಂದ ಒಂದು ಗೇಣು ದೂರದಲ್ಲಿರಲಿ. ಎರಡು ಮೀಟರ್ ಒಳಕ್ಕೆ ಸರಿಸಿದರೆ ಅದು ಕಿಟಕಿಯ ಗಿಡವಾಗಿ ಉಳಿಯುವುದಿಲ್ಲ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಮರ ಒಂದೇ ಕಡೆ ವಾಲುತ್ತದೆ.

ಯಾವ ಕಿಟಕಿಯೂ ಸಾಲದಿದ್ದರೆ ಎಲ್‌ಇಡಿ ದೀಪದ ಮೊರೆ ಹೋಗಬಹುದು. ಗಿಡ ಬೆಳೆಸಲೆಂದೇ ಮಾಡಿದ 20ರಿಂದ 40 ವ್ಯಾಟ್‌ನ ಬಿಳಿ ಬೆಳಕಿನ ದೀಪವನ್ನು ಎಲೆಗಳಿಂದ ಒಂದು ಅಡಿಯೊಳಗೆ ತೂಗುಹಾಕಿ, ಟೈಮರ್ ಜೋಡಿಸಿ ದಿನಕ್ಕೆ 12ರಿಂದ 14 ಗಂಟೆ ಉರಿಸಬೇಕು. ಸೂರಿನಲ್ಲಿರುವ ಸಾಮಾನ್ಯ ದೀಪದಿಂದ ಪ್ರಯೋಜನವಿಲ್ಲ, ದೂರ ಹೆಚ್ಚಿದಂತೆ ಬೆಳಕು ಬೇಗ ಕುಂದುತ್ತದೆ.

ಬೆಳಕು ಗೊತ್ತಾದ ಮೇಲೆ ಗಿಡದ ಆಯ್ಕೆ ಕಷ್ಟವಲ್ಲ. ನರ್ಸರಿಗಳಲ್ಲಿ ಫೈಕಸ್ ಮೈಕ್ರೋಕಾರ್ಪ ಎಂದು ಸಿಗುವ ಗಿಡ ಮೊದಲ ಸಲಕ್ಕೆ ಅತ್ಯುತ್ತಮ. ಜಿನ್ಸೆಂಗ್ ಎಂಬ ಹೆಸರಿನಲ್ಲಿ ದಪ್ಪ ಗೆಡ್ಡೆಯಂಥ ಬೇರಿನೊಡನೆ ಮಾರುವುದೂ ಇದನ್ನೇ. ಜಿನ್ಸೆಂಗ್ ಗಿಡಕ್ಕೂ ಇದಕ್ಕೂ ಸಂಬಂಧವಿಲ್ಲ, ಎಷ್ಟೋ ಸಲ ಮೇಲಿನ ರೆಂಬೆಗಳು ಕಸಿ ಮಾಡಿದವು. ಸಾಕಲು ಸುಲಭ, ಮರದ ರೂಪಕ್ಕೆ ತರುವುದು ಕಷ್ಟ. ಫೈಕಸ್ ಬೆಂಜಮಿನ ಬಹಳ ಚೆಂದದ ಗಿಡ, ಆದರೆ ಜಾಗ ಬದಲಿಸಿದ ಕೂಡಲೇ ಮುನಿಸಿಕೊಂಡಂತೆ ಎಲೆ ಉದುರಿಸುತ್ತದೆ. ಹೆದರದೆ ಅಲ್ಲೇ ಬಿಟ್ಟರೆ ಮತ್ತೆ ಚಿಗುರುತ್ತದೆ. ನೀರು ಹಾಕಲು ಮರೆಯುವವರಿಗೆ ಜೇಡ್ ಗಿಡ ಹೇಳಿ ಮಾಡಿಸಿದ್ದು. ನಮ್ಮಲ್ಲಿ ಸಣ್ಣ ದುಂಡೆಲೆಯ ಜೇಡ್ ಎಂದು ಮಾರುವುದು ಬಹುಮಟ್ಟಿಗೆ ದಕ್ಷಿಣ ಆಫ್ರಿಕಾದ ಗಿಡ, ಅಲ್ಲಿ ಆನೆಗಳು ಅದನ್ನು ಇಷ್ಟಪಟ್ಟು ಮೇಯುತ್ತವೆ. ಎಲೆಯಲ್ಲಿ ನೀರು ತುಂಬಿಕೊಂಡಿರುತ್ತದೆ, ಆದರೆ ಬಿಸಿಲಿಲ್ಲದಿದ್ದರೆ ರೆಂಬೆಗಳು ಉದ್ದುದ್ದ ಜೋತುಬೀಳುತ್ತವೆ. ಬೆಳಕು ಸ್ವಲ್ಪ ಕಡಿಮೆಯಿರುವ ಮನೆಗೆ ಷೆಫ್ಲೆರಾ ಒಗ್ಗುತ್ತದೆ. ಹುಣಸೆ, ಬೋಗನ್‌ವಿಲ್ಲಾಗಳನ್ನು ಮನೆಯೊಳಗೆ ತರಬೇಡಿ. ಅವು ಬಾಲ್ಕನಿಯ ಅಥವಾ ತಾರಸಿಯ ಬಿಸಿಲನ್ನು ಬೇಡುವಂಥವು. ಆಲ, ಅರಳಿಗಳ ಎಲೆ ದೊಡ್ಡದು, ಸಣ್ಣ ಕುಂಡದಲ್ಲಿ ಮರದ ಅಳತೆಗೆ ಹೊಂದುವುದಿಲ್ಲ. ಅದಲ್ಲದೆ ಅರಳಿಯನ್ನು ಸವರಬಾರದೆಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಮನೆಯ ಹಿರಿಯರ ಮನಸ್ಸಿಗೆ ಒಪ್ಪದ ಗಿಡವನ್ನು ತಂದು ಬೆಳೆಸುವುದು ಸಲ್ಲದು ಎಂದೇ ನನ್ನ ಅಭಿಪ್ರಾಯ.

ಕೊಳ್ಳುವಾಗ ಕಾಂಡ ಆಗಲೇ ದಪ್ಪವಾಗಿರುವ ಗಿಡವನ್ನು ಆರಿಸಿ. ಪೆನ್ಸಿಲಿನಷ್ಟು ತೆಳ್ಳಗಿನ ಸಸಿಯನ್ನು ತಂದು ಚೆಂದದ ತಟ್ಟೆಗೆ ನೆಟ್ಟು ದಪ್ಪವಾಗಲೆಂದು ಕಾಯುವವರನ್ನು ಪ್ರತಿ ವರ್ಷ ಕಾಣುತ್ತೇನೆ. ಕಾಂಡ ದಪ್ಪವಾಗುವುದು ಅದರ ಮೇಲಿರುವ ಎಲೆಗಳ ದುಡಿಮೆಯಿಂದ. ಎಲೆ ಹೆಚ್ಚಬೇಕಾದರೆ ಬೇರು ಹರಡಬೇಕು. ಕೈಯಗಲದ ತಟ್ಟೆಯಲ್ಲಿ, ಕಿಟಕಿಯ ಬೆಳಕಿನಲ್ಲಿ ಅದಾಗುವುದಿಲ್ಲ. ಊರಿನಲ್ಲಿ ತೋಟವೋ ಹಿತ್ತಲೋ ಇರುವವರು ಸಸಿಯನ್ನು ಅಲ್ಲಿ ನೆಲದಲ್ಲಿ ಮೂರು ವರ್ಷ ಮನಸಾರೆ ಬೆಳೆಯಲು ಬಿಟ್ಟು, ಆಮೇಲೆ ಮೊಳದೆತ್ತರಕ್ಕೆ ಕತ್ತರಿಸಿ ಕುಂಡಕ್ಕೆ ತಂದರೆ, ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ವರ್ಷ ಕಾದರೂ ಸಿಗದ ಬೊಡ್ಡೆ ಸಿಗುತ್ತದೆ.

ಮಣ್ಣಿನ ವಿಷಯಕ್ಕೆ ಬರುವ ಮುಂಚೆ ಈ ಸ್ಪಂಜನ್ನು ನೋಡಿ. ಪಾತ್ರೆ ತೊಳೆಯುವ ಸಾಮಾನ್ಯ ಸ್ಪಂಜು, ಇಟ್ಟಿಗೆಯಾಕಾರದ್ದು. ಇದನ್ನು ಬೋಗುಣಿಯ ನೀರಿನಲ್ಲಿ ಪೂರ್ತಿ ಅದ್ದಿ ತೆಗೆದು, ಹಿಂಡದೆ, ಅಡ್ಡಲಾಗಿ ಮಲಗಿಸಿ ಹಿಡಿಯುತ್ತೇನೆ. ನೀರು ತೊಟ್ಟಿಕ್ಕಿ ನಿಂತಿತು. ಇನ್ನು ಒಂದು ಹನಿಯೂ ಬೀಳುತ್ತಿಲ್ಲ. ಈಗ ಇದನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲುವಂತೆ ತಿರುಗಿಸುತ್ತೇನೆ. ನೋಡಿ, ಮತ್ತೆ ನೀರು ಸುರಿಯಿತು. ಅದೂ ನಿಂತಿತು. ಈಗ ಕಂಬದಂತೆ ನೆಟ್ಟಗೆ ಹಿಡಿದರೆ ಮೂರನೆಯ ಸಲವೂ ನೀರು ಇಳಿಯುತ್ತದೆ. ಸ್ಪಂಜು ಅದೇ, ರಂಧ್ರಗಳು ಅವೇ, ಬದಲಾದದ್ದು ಎತ್ತರ ಮಾತ್ರ.

ಕುಂಡದೊಳಗೂ ಹೀಗೆಯೇ ನಡೆಯುತ್ತದೆ. ಯಾವ ಮಣ್ಣೇ ಆಗಲಿ, ನೀರು ಬಸಿದು ನಿಂತ ಮೇಲೂ ಅದರ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ತುಂಬಿಯೇ ಇರುತ್ತದೆ, ಗಾಳಿಗೆ ಅಲ್ಲಿ ಜಾಗವಿರುವುದಿಲ್ಲ. ಆ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರ. ಕುಂಡ ಆಳವಿರಲಿ ತೆಳುವಿರಲಿ ಅದು ಬದಲಾಗುವುದಿಲ್ಲ. ನುಣುಪಾದ ಕೆಂಪು ಮಣ್ಣು ತುಂಬಿದ ಒಂದು ಅಡಿ ಆಳದ ಕುಂಡದಲ್ಲಿ ತಳದ ಭಾಗ ಒದ್ದೆಯಾಗಿದ್ದರೂ ಮೇಲಿನ ಬೇರುಗಳು ಉಸಿರಾಡುತ್ತವೆ. ಅದೇ ಮಣ್ಣನ್ನು 5 ಸೆಂಟಿಮೀಟರ್ ಆಳದ ಬೋನ್ಸಾಯ್ ತಟ್ಟೆಗೆ ಹಾಕಿದರೆ ತಳದಿಂದ ಮೇಲಿನವರೆಗೆ ಎಲ್ಲವೂ ಕೆಸರೇ. ತಳಕ್ಕೆ ಜಲ್ಲಿಯ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆಯೂ ಇದರಿಂದಲೇ ಬಿದ್ದುಹೋಗುತ್ತದೆ. ಒದ್ದೆಯ ಪದರ ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿನ ಮೇಲೆ ಮಣ್ಣು ಹೋಗದಂತೆ ಒಂದು ತುಂಡು ಪ್ಲಾಸ್ಟಿಕ್ ಜಾಲರಿ ಇದ್ದರೆ ಸಾಕು.

ಆದ್ದರಿಂದ ಮಿಶ್ರಣದ ಕಣಗಳು ದೊಡ್ಡದಾಗಿರಬೇಕು. ನಾನು ಹೇಳುವ ಅಳತೆ ಅಡುಗೆಮನೆಯದು: ಸಾಸಿವೆಗಿಂತ ದೊಡ್ಡದು, ಕಡಲೆಕಾಳಿಗಿಂತ ಚಿಕ್ಕದು. ಜಪಾನೀಯರು ಬಳಸುವ ಅಕಡಾಮ ಮಣ್ಣನ್ನು ದುಬಾರಿ ಬೆಲೆ ಕೊಟ್ಟು ತರಿಸಬೇಕಾಗಿಲ್ಲ. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಜರಡಿಯಾಡಿ ಧೂಳನ್ನು ಬೇರ್ಪಡಿಸಿದ ಚೂರು ಎರಡು ಪಾಲು, ತೊಳೆದ ದಪ್ಪ ಮರಳು ಒಂದು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಸೇರಿ ಒಂದು ಪಾಲು. ನನ್ನ ಗಿಡಗಳೆಲ್ಲ ಇದರಲ್ಲಿಯೇ ಇವೆ. ಇಟ್ಟಿಗೆಯ ಚೂರು ತನ್ನೊಳಗೆ ನೀರನ್ನು ಹಿಡಿದಿಟ್ಟು ಚೂರುಗಳ ನಡುವೆ ಗಾಳಿಗೆ ದಾರಿ ಬಿಡುತ್ತದೆ. ಮರಳಿನ ಬದಲು ಎಂ-ಸ್ಯಾಂಡ್ ಬಳಸುವುದಾದರೆ ನೀರು ತಿಳಿಯಾಗುವವರೆಗೆ ತೊಳೆಯಿರಿ, ಅದರ ಹಿಟ್ಟಿನಂಥ ಪುಡಿ ಎಲ್ಲ ರಂಧ್ರಗಳನ್ನೂ ಮುಚ್ಚಿಬಿಡುತ್ತದೆ. ಕೊಂಡು ತಂದ ಗಿಡದ ಮೇಲೆ ಹರಳುಗಳನ್ನು ಅಂಟಿಸಿದ್ದರೆ ಅವನ್ನು ಅಂದೇ ಕಿತ್ತುಹಾಕಿ.

ನೀರು ಎಷ್ಟು ದಿನಕ್ಕೊಮ್ಮೆ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ದೇವರ ಮನೆಯಲ್ಲಿ ಉರಿದು ಉಳಿದ ಊದಿನಕಡ್ಡಿಗಳನ್ನು ಎಸೆಯಬೇಡಿ. ಆ ಬಿದಿರಿನ ಕಡ್ಡಿಯನ್ನು ಬೇರಿಗೆ ನೋವಾಗದಂತೆ ಕುಂಡದ ಅಂಚಿನಲ್ಲಿ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕೆಳಗಿನ ಭಾಗ ಗಾಢ ಬಣ್ಣಕ್ಕೆ ತಿರುಗಿ ತಣ್ಣಗಿದ್ದರೆ ಇವತ್ತು ನೀರು ಬೇಡ. ಬಣ್ಣ ತುಸು ಮಾತ್ರ ಬದಲಾಗಿ ಕಡ್ಡಿ ಹೆಚ್ಚುಕಡಿಮೆ ಒಣಗಿಯೇ ಬಂದರೆ ನೀರು ಹಾಕುವ ಹೊತ್ತು. ಜೇಡ್ ಆದರೆ ಪೂರ್ತಿ ಒಣಗಿದ ಮೇಲೆ ಇನ್ನೂ ಎರಡು ದಿನ ಕಾಯಬಹುದು. ಹಾಕುವಾಗ ಲೋಟದ ಲೆಕ್ಕ ಬೇಡ. ತಳದ ತೂತಿನಿಂದ ಧಾರೆಯಾಗಿ ಹೊರಬರುವವರೆಗೆ ಹಾಕಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ. ಬೆಳಕು ಹೆಚ್ಚಿದ್ದ ವಾರ ಗಿಡ ಹೆಚ್ಚು ಕುಡಿಯುತ್ತದೆ, ಜಡಿಮಳೆಯ ವಾರ ಕಡಿಮೆ. ತಿಂಗಳೊಂದು ಕಳೆಯುವಷ್ಟರಲ್ಲಿ ಕುಂಡವನ್ನು ಎತ್ತಿದ ಕೈಗೇ ಅದರ ತೂಕದಿಂದ ಎಲ್ಲವೂ ತಿಳಿಯುತ್ತದೆ, ಕಡ್ಡಿಯೂ ಬೇಕಾಗುವುದಿಲ್ಲ.

ಕೊಳವೆ ಬಾವಿಯ ಗಡಸು ನೀರನ್ನು ಹಾಕುವವರ ಕುಂಡದ ಅಂಚಿನಲ್ಲಿ, ಕಾಂಡದ ಬುಡದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಅದು ಸುಣ್ಣದಂಥ ಲವಣ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದು, ತಿಂಗಳಿಗೊಮ್ಮೆ ಮಳೆನೀರಿನಿಂದ ಕುಂಡವನ್ನು ಚೆನ್ನಾಗಿ ತೊಯ್ಯಿಸಿ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಉಳಿತಾಯದ ದೃಷ್ಟಿಯಿಂದ ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಲವಣದ ಸಾಂದ್ರತೆ ಮೂಲ ನೀರಿಗಿಂತಲೂ ಹೆಚ್ಚು; ನೆಲ ಒರೆಸಲು ಬಳಸಿ, ಬೋನ್ಸಾಯ್‌ಗೆ ಬೇಡ.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿಗಳು ತಾರಸಿಯ ಗಿಡಗಳಿಗೆ ಉತ್ತಮ, ಮನೆಯೊಳಗೆ ವಾಸನೆ ಬರುತ್ತದೆ, ನುಸಿ ಏಳುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮಪಾಲಿನಲ್ಲಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ, ಗಿಡ ಚಿಗುರುತ್ತಿರುವ ಕಾಲದಲ್ಲಿ ಮಾತ್ರ ಕೊಡಿ. ಸೊರಗಿದ ಗಿಡಕ್ಕೆ ಗೊಬ್ಬರ ಕೊಡಬೇಡಿ, ಅದಕ್ಕೆ ಬೇಕಿರುವುದು ಬೆಳಕು.

ಇನ್ನು ಸವರುವ ಕೆಲಸ. ರೆಂಬೆಯ ತುದಿಯ ಕುಡಿ ತನ್ನ ಹಿಂದಿನ ಮೊಗ್ಗುಗಳನ್ನು ಏಳಗೊಡುವುದಿಲ್ಲ; ಆ ಕುಡಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ಪ್ರಚೋದಕ ಅವನ್ನು ಮಲಗಿಸಿಟ್ಟಿರುತ್ತದೆ. ಕುಡಿಯನ್ನು ಕತ್ತರಿಸಿದರೆ ಹಿಂದಿನ ಗೆಣ್ಣುಗಳಲ್ಲಿ ಎರಡು ಮೂರು ಚಿಗುರು ಒಟ್ಟಿಗೆ ಏಳುತ್ತವೆ, ಒಂದು ರೆಂಬೆ ಎರಡಾಗುತ್ತದೆ. ಹೊಸ ಚಿಗುರು ಆರೆಂಟು ಎಲೆ ಬಿಡುವವರೆಗೆ ಬೆಳೆಯಲು ಬಿಟ್ಟು, ಅದು ಗಟ್ಟಿಯಾದ ಮೇಲೆ ಎರಡು ಎಲೆ ಉಳಿಸಿ ಕತ್ತರಿಸಬೇಕು. ಎಲೆ ಎಲ್ಲಿದೆಯೋ ಅದರ ಕಂಕುಳಿನಿಂದಲೇ ಮುಂದಿನ ರೆಂಬೆ ಹೊರಡುವುದರಿಂದ, ಹೊರಮುಖವಾದ ಎಲೆಯ ಮೇಲೆ ಕತ್ತರಿಸಿದರೆ ರೆಂಬೆ ಹೊರಕ್ಕೆ ತಿರುಗುತ್ತದೆ. ದಕ್ಷಿಣ ಚೀನಾದ ಲಿಂಗ್ನಾನ್ ಪ್ರದೇಶದವರು ತಂತಿ ಸುತ್ತುವುದಕ್ಕಿಂತ ಹೆಚ್ಚಾಗಿ ಹೀಗೆ ಬೆಳೆಸುತ್ತ ಕತ್ತರಿಸುತ್ತ ಮರಗಳಿಗೆ ರೂಪ ಕೊಟ್ಟವರು. ಹೊಸಬರಿಗೆ ನಾನು ಹೇಳಿಕೊಡುವುದು ಈ ಪದ್ಧತಿಯನ್ನೇ. ಅಲ್ಯೂಮಿನಿಯಂ ತಂತಿಯನ್ನು ಬಳಸಲೇಬೇಕೆಂದರೆ ರೆಂಬೆಯ ದಪ್ಪದ ಮೂರನೆಯ ಒಂದರಷ್ಟಿರುವ ತಂತಿಯನ್ನು ಓರೆಯಾಗಿ ಸುತ್ತಿ, ವಾರಕ್ಕೊಮ್ಮೆ ಕಣ್ಣಿಟ್ಟು ನೋಡಿ. ಫೈಕಸ್ ಚಿಗುರುವ ಕಾಲದಲ್ಲಿ ಒಂದೂವರೆ ತಿಂಗಳಿಗೇ ತಂತಿ ತೊಗಟೆಯೊಳಗೆ ಕಚ್ಚಿಕೊಳ್ಳುತ್ತದೆ. ತೆಗೆಯುವಾಗ ಬಿಚ್ಚಬೇಡಿ, ಕಟ್ಟರಿನಿಂದ ತುಂಡು ತುಂಡಾಗಿ ಕತ್ತರಿಸಿ. ಕತ್ತರಿಸಿದ ಗಾಯದಿಂದ ಒಸರುವ ಹಾಲು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕಣ್ಣಿಗೆ ತಾಗಬಾರದು. ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ.

ಕುಂಡ ಬದಲಿಸುವುದು ಎರಡು ವರ್ಷಕ್ಕೊಮ್ಮೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮೇಲೆ, ಮಳೆಗಾಲ ಹಿಡಿಯುವುದರೊಳಗೆ ಯಾವಾಗಲಾದರೂ, ಗಿಡ ಚಿಗುರುವ ಹುರುಪಿನಲ್ಲಿರುವಾಗ ಮಾಡಿ. ಬೇರಿನ ಗಡ್ಡೆಯನ್ನು ಕಡ್ಡಿಯಿಂದ ಬಿಡಿಸಿ, ಕೆಳಕ್ಕೆ ಇಳಿದ ದಪ್ಪ ಬೇರುಗಳನ್ನು ಮೊಟಕು ಮಾಡಿ, ನಾರುಬೇರುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರಿ. ಗಿಡ ಅಲುಗಾಡದಂತೆ ತಳದ ತೂತುಗಳಿಂದ ತಂತಿ ಪೋಣಿಸಿ ಕಟ್ಟುವುದು ಮುಖ್ಯ. ಅಲುಗಾಡಿದರೆ ಹೊಸ ಬೇರಿನ ತುದಿಗಳು ಮುರಿಯುತ್ತವೆ. ಮೂರು ವಾರ ನೇರ ಬಿಸಿಲು ಬೇಡ, ಒಂದು ತಿಂಗಳು ಗೊಬ್ಬರ ಬೇಡ.

ಮನೆಯೊಳಗೆ ಗಾಳಿ ಮಳೆಗಳ ತೊಳೆತವಿಲ್ಲದಿರುವುದರಿಂದ ಹಿಟ್ಟು ತಿಗಣೆ, ಶಲ್ಕ ಕೀಟಗಳು ಬೇಗ ನೆಲೆಯೂರುತ್ತವೆ. ಕುಂಡದತ್ತ ಇರುವೆ ಸಾಲು ಹೊರಟಿತೆಂದರೆ, ಎಲೆ ಅಂಟಂಟಾಯಿತೆಂದರೆ, ಅವು ಬಂದಿವೆ ಎಂದೇ ತಿಳಿಯಿರಿ. ಸ್ವಲ್ಪವಿದ್ದಾಗ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹೆಚ್ಚಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕದಡಿ ಸಂಜೆಯ ಹೊತ್ತು ಎಲೆಯ ಅಡಿಭಾಗಕ್ಕೂ ಸಿಂಪಡಿಸಿ.

ಕೊನೆಯಲ್ಲಿ ಬಂದ ಪ್ರಶ್ನೆಗಳಿಗೆ ಬರುತ್ತೇನೆ. ದೊಡ್ಡ ಮರವಾಗಬೇಕಾದದ್ದನ್ನು ಹೀಗೆ ಕುಬ್ಜಗೊಳಿಸುವುದು ಹಿಂಸೆಯಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಈ ಪ್ರಶ್ನೆಯನ್ನು ನಾನು ಗೌರವದಿಂದಲೇ ಕಾಣುತ್ತೇನೆ. ಬೆಂಗಳೂರಿನ ಪಶ್ಚಿಮಕ್ಕೆ ಕೇತೋಹಳ್ಳಿಯಲ್ಲಿ ಸುಮಾರು ಮೂರು ಎಕರೆ ಹಬ್ಬಿ ನಿಂತಿರುವ ದೊಡ್ಡ ಆಲದ ಮರವನ್ನು ನೋಡಿದವರಿಗೆ ಹೀಗೆ ಅನ್ನಿಸುವುದು ಸಹಜ. ಆದರೆ ಈ ಬಸರಿಯನ್ನು ನಾಳೆ ನೆಲದಲ್ಲಿ ನೆಟ್ಟರೆ ಅದು ಮರವಾಗಿಯೇ ಬೆಳೆಯುತ್ತದೆ, ಅದರ ಗುಣ ಎಳ್ಳಷ್ಟೂ ಬದಲಾಗಿಲ್ಲ. ಕತ್ತರಿಸಿದ ಬೇರಿನ ಜಾಗದಲ್ಲಿ ಎಳೆಯ ಬೇರು, ಸವರಿದ ರೆಂಬೆಯಲ್ಲಿ ಎಳೆಯ ಚಿಗುರು ಬರುತ್ತಲೇ ಇರುತ್ತವೆ. ಇಟಲಿಯ ಮಿಲಾನ್ ಬಳಿ ಪರಬಿಯಾಗೊ ಎಂಬಲ್ಲಿರುವ ಕ್ರೆಸ್ಪಿ ಬೋನ್ಸಾಯ್ ಸಂಗ್ರಹಾಲಯದಲ್ಲಿ ಸಾವಿರ ವರ್ಷದ್ದೆಂದು ಹೇಳುವ ಫೈಕಸ್ ಒಂದು ಇವತ್ತಿಗೂ ಗಾಜಿನ ಮನೆಯೊಳಗೆ ಬದುಕಿದೆ. ಗಿಡವನ್ನು ಕತ್ತಲೆಯ ಮೂಲೆಯಲ್ಲಿಟ್ಟು ಅಲಂಕಾರಕ್ಕೆ ಬಳಸಿ ಸಾಯಿಸುವುದನ್ನು ನಾನು ಹಿಂಸೆ ಎನ್ನುತ್ತೇನೆ, ಅದನ್ನು ನಾನೇ ಒಮ್ಮೆ ಮಾಡಿದ್ದೇನೆ.

ಮಗಳು ಕೆನಡಾದಲ್ಲಿದ್ದಾಳೆ, ಅಲ್ಲಿ ಬೆಳೆಸಬಹುದೇ ಎಂದು ತಾಯಿಯೊಬ್ಬರು ಕೇಳಿದರು. ಖಂಡಿತ ಬೆಳೆಸಬಹುದು. ಪುಸ್ತಕದ ದಕ್ಷಿಣದ ಕಿಟಕಿ ಆಕೆಗೆ ಸರಿಯಾಗಿಯೇ ಹೊಂದುತ್ತದೆ, ಆದರೂ ಚಳಿಗಾಲದ ಹಗಲು ಅಲ್ಲಿ ತೀರ ಚಿಕ್ಕದಾದ್ದರಿಂದ ಎಲ್‌ಇಡಿ ದೀಪ ಬೇಕೇ ಬೇಕು. ಹೀಟರಿನ ಬಿಸಿಗಾಳಿ ಎಲೆಗೆ ನೇರವಾಗಿ ಬೀಸಬಾರದು, ಎಲೆ ಮಂಜುಗಟ್ಟಿದ ಗಾಜಿಗೆ ತಾಗಬಾರದು. ಬೇಸಗೆಯಲ್ಲಿ ರಾತ್ರಿಯ ತಾಪಮಾನ 15 ಡಿಗ್ರಿಗಿಂತ ಕೆಳಗೆ ಇಳಿಯದ ತಿಂಗಳುಗಳಲ್ಲಿ ಗಿಡವನ್ನು ಹೊರಗಿಡಲಿ, ಮೊದಲ ವಾರ ನೆರಳಿನಲ್ಲಿ, ಆಮೇಲೆ ಬೆಳಗಿನ ಬಿಸಿಲಿನಲ್ಲಿ. ಒಳಗಿನ ಬೆಳಕಿಗೆ ಒಗ್ಗಿದ ಎಲೆಯನ್ನು ಒಮ್ಮೆಲೇ ಬಿಸಿಲಿಗೆ ಒಡ್ಡಿದರೆ ಬೆಂದ ಸೊಪ್ಪಿನಂತಾಗುತ್ತದೆ.

ಹಬ್ಬಕ್ಕೆಂದು ಹತ್ತು ದಿನ ಊರಿಗೆ ಹೋದರೆ ನೀರು ಹಾಕುವವರು ಯಾರು ಎಂಬುದು ಕೊನೆಯ ಪ್ರಶ್ನೆ. ಜೇಡ್ ಆದರೆ ಚಿಂತೆಯಿಲ್ಲ. ಫೈಕಸ್ ಆದರೆ ಹೊರಡುವ ದಿನ ಚೆನ್ನಾಗಿ ನೀರುಣಿಸಿ, ಕುಂಡಕ್ಕಿಂತ ತುಸು ಎತ್ತರದಲ್ಲಿ ಒಂದು ಕೊಡ ನೀರಿಟ್ಟು, ಹತ್ತಿಯ ದಪ್ಪ ಹುರಿಯ ಒಂದು ತುದಿಯನ್ನು ಕೊಡದ ತಳಕ್ಕೆ, ಇನ್ನೊಂದು ತುದಿಯನ್ನು ಮಣ್ಣಿನೊಳಗೆ ಎರಡು ಅಂಗುಲ ಹುಗಿಯಿರಿ. ಹೊರಡುವ ಒಂದು ವಾರ ಮುಂಚೆಯೇ ಹೀಗೆ ಕಟ್ಟಿ, ಮಣ್ಣು ಅತಿಯಾಗಿ ತೊಯ್ಯುತ್ತಿದೆಯೇ ಎಂದು ಊದಿನಕಡ್ಡಿಯಿಂದ ನೋಡಿ ಹುರಿಯ ದಪ್ಪವನ್ನು ಹೊಂದಿಸಿಕೊಳ್ಳಬೇಕು. ಪಕ್ಕದ ಮನೆಯವರಿಗೆ ಒಪ್ಪಿಸುವುದಾದರೆ ಬೀಗದ ಕೈಯೊಡನೆ ಒಂದು ಹಿಡಿ ಊದಿನಕಡ್ಡಿಗಳನ್ನೂ ಕೊಟ್ಟು, ಒಮ್ಮೆ ಅವರ ಕೈಯಿಂದಲೇ ಚುಚ್ಚಿಸಿ, ಒದ್ದೆ ಕಡ್ಡಿ ಹೇಗಿರುತ್ತದೆ, ಒಣಕಡ್ಡಿ ಹೇಗಿರುತ್ತದೆ ಎಂಬುದನ್ನು ತೋರಿಸಿ ಹೋಗಿ.